ರಸಮಂಜರಿ ನಡುವೆ ಕೂಗಾಟ, ಮುಂದಿನ ಸಾಲಲ್ಲಿ ತಂಡ ಬಿಟ್ಟವರು: ಹೇಗೆ ನಿಭಾಯಿಸೋದು?

ಹೊಸನಗರದ ರಿದಂ

ಗಣಪತಿ ಸೀಸನ್ ಹತ್ತಿರ ಬಂತು. ಅದು ಮುಗೀತಿದ್ದ ಹಾಗೆ ದಸರಾ, ರಾಜ್ಯೋತ್ಸವ, ಆಮೇಲೆ ಜಾತ್ರೆಗಳು. ಆರೇಳು ಜನರ ಆರ್ಕೆಸ್ಟ್ರಾ ತಂಡಗಳಿಗೆ ಕೈತುಂಬ ಕೆಲಸ ಇರೋದು ಈ ತಿಂಗಳುಗಳಲ್ಲೇ. ಎರಡು ವಿಷಯದ ಬಗ್ಗೆ ಗೊತ್ತಿರೋರು ಬಿಡಿಸಿ ಹೇಳಿ.

ಒಂದು, ನಡುವೆ ಕೂಗಿ ಕಾರ್ಯಕ್ರಮ ಕೆಡಿಸೋರು. ಎರಡು, ತಂಡ ಬಿಟ್ಟು ಹೋದವರು. ಮೊದಲು ಕೀಬೋರ್ಡ್ ನುಡಿಸ್ತಿದ್ದವರೋ ಹಾಡ್ತಿದ್ದವರೋ ನಾಲ್ಕು ಹುಡುಗರನ್ನ ಕಟ್ಟಿಕೊಂಡು ಬಂದು ಮುಂದಿನ ಸಾಲಲ್ಲಿ ಕೂತು "ಶ್ರುತಿ ಹೋಯ್ತು", "ನಮ್ಮ ದುಡ್ಡು ಮೊದಲು ಕೊಡಿ" ಅಂತ ಕೂಗಿದರೆ ಏನು ಮಾಡೋದು? ಮೈಕಲ್ಲಿ ಉತ್ತರ ಕೊಡಬೇಕಾ, ಕೇಳಿಸದ ಹಾಗೆ ಇರಬೇಕಾ?

ಮಿಕ್ಸರ್ ಮೂಲೆ

ಮೈಕಲ್ಲಿ ಉತ್ತರ ಬೇಡವೇ ಬೇಡ. ಮುಂದೆ ಕೂತವನ ಕೂಗು ಸುತ್ತಮುತ್ತಲ ನಾಲ್ಕೈದು ಸಾಲಿಗೆ ಕೇಳುತ್ತೆ. "ಯಾರ್ರೀ ಅದು ಶ್ರುತಿ ಹೋಯ್ತು ಅಂದಿದ್ದು?" ಅಂತ ಗಾಯಕರು ಮೈಕಲ್ಲಿ ಕೇಳಿದ ಕೂಡಲೇ ಅದು ಇಡೀ ಮೈದಾನಕ್ಕೆ ಗೊತ್ತಾಗುತ್ತೆ. ಅವನಿಗಿಲ್ಲದ ಸ್ಪೀಕರನ್ನ ನಾವೇ ಕೊಟ್ಟ ಹಾಗಾಯ್ತು.

ಹಾಡು ನಡೆಯುವಾಗ ಕೂಗುವವರು ಕಡಿಮೆ. ಎರಡು ಹಾಡಿನ ನಡುವೆ ಖಾಲಿ ಬಿದ್ದಾಗ ಕೂಗು ಏಳುತ್ತೆ. ಕೀಬೋರ್ಡಿನವರು ಸ್ಟೈಲ್ (ಕೀಬೋರ್ಡಿನ ಸಿದ್ಧ ಹಿಮ್ಮೇಳ) ಹುಡುಕ್ತಾ, ಗಾಯಕರು ಮೊಬೈಲಲ್ಲಿ ಸಾಹಿತ್ಯ ತಡಕಾಡ್ತಾ ಒಂದು ನಿಮಿಷ ಕಳೆದರೆ ಸಾಕು, ಶಿಳ್ಳೆ ಶುರು. ಹಾಡಿನ ಪಟ್ಟಿಯಲ್ಲೇ ಸ್ಕೇಲ್, ಟೆಂಪೋ, ಸ್ಟೈಲ್ ನಂಬರ್, ಪ್ಯಾಡಿನ (ಎಲೆಕ್ಟ್ರಾನಿಕ್ ಡ್ರಮ್ಮಿನ) ಪ್ಯಾಚ್ (ಧ್ವನಿ ಜೋಡಣೆ) ನಂಬರ್ ಬರೆದು ಎಲ್ಲರ ಮುಂದೂ ಒಂದೊಂದು ಪ್ರತಿ ಅಂಟಿಸಿ. ಹಾಡು ಮುಗಿದ 10–15 ಸೆಕೆಂಡಲ್ಲಿ ಮುಂದಿನದರ ಇಂಟ್ರೋ ಬರಬೇಕು. ತಡವಾಗುತ್ತೆ ಅನ್ನಿಸಿದರೆ ಕೀಬೋರ್ಡಿನವರು ಸ್ಟ್ರಿಂಗ್ಸ್‌ನಲ್ಲಿ ಒಂದು ಕಾರ್ಡ್ (ಸ್ವರಗುಚ್ಛ) ಹಿಡಿದೇ ಇರಲಿ, ಪ್ಯಾಡಿನವರು ಸಣ್ಣ ದನಿಯಲ್ಲಿ ತಾಳ ಬಿಡದಿರಲಿ.

ಗಲಾಟೆ ಹೆಚ್ಚಾದಾಗ ಮಾಸ್ಟರ್ (ಒಟ್ಟು ಧ್ವನಿ) ಏರಿಸೋದು ಎಲ್ಲರೂ ಮಾಡೋ ಕೆಲಸ. ಅದರಿಂದ ಎರಡು ತೊಂದರೆ. ಮೈಕ್‌ಗಳು ಕೂಯ್ ಅನ್ನೋಕೆ ಶುರುವಾಗುತ್ತೆ, ಆ ಕೂಯ್‌ಗೆ ಜನ ಇನ್ನೂ ಜೋರಾಗಿ ಕೂಗ್ತಾರೆ. ಬದಲಿಗೆ ಆ ಹೊತ್ತಲ್ಲಿ ಬಳಸದ ಮೈಕ್‌ಗಳನ್ನೆಲ್ಲ ಮ್ಯೂಟ್ ಮಾಡಿ. ತೆರೆದ ಮೈಕ್‌ಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಫೀಡ್‌ಬ್ಯಾಕ್ (ಆ ಕೂಯ್) ಬರೋ ಮುಂಚೆ ಸಿಗೋ ಗೇನ್ (ಏರಿಸಬಹುದಾದ ಧ್ವನಿ) 3 ಡೆಸಿಬೆಲ್ ಇಳಿಯುತ್ತೆ. ನಾಲ್ಕು ಮೈಕ್ ತೆರೆದಿದ್ದನ್ನ ಒಂದಕ್ಕೆ ಇಳಿಸಿದರೆ 6 ಡೆಸಿಬೆಲ್ ವಾಪಸ್ ಬಂತು. ಮುಂದಿನ ಸಾಲಿನ ಬೈಗುಳ ಮೈಕಿಗೆ ಬೀಳೋದೂ ತಪ್ಪುತ್ತೆ. ಮೈಕ್ ಎಸ್‌ಎಂ58 ಆದರೆ ಮಾನಿಟರ್ (ಹಾಡುಗಾರರಿಗೆ ತಮ್ಮ ದನಿ ಕೇಳಿಸೋ ಸ್ಪೀಕರ್) ಅದರ ನೇರ ಹಿಂಬದಿಗೆ ಬರಲಿ. ಬೀಟಾ 58 ಆದರೆ ನೇರ ಹಿಂದೆ ಬೇಡ, ಸ್ವಲ್ಪ ಓರೆಗೆ, ಸುಮಾರು 120 ಡಿಗ್ರಿಯಲ್ಲಿಡಿ.

ಸಂಜ್ಞೆ ಮೊದಲೇ ಗೊತ್ತುಮಾಡಿಕೊಳ್ಳಿ. ತಲೆ ಮೇಲೆ ಅಂಗೈ ಇಟ್ಟರೆ ಹಾಡುವ ಮೈಕ್ ಎಲ್ಲ ಬಂದ್, ವಾದ್ಯ ಮಾತ್ರ ನಡೀಲಿ. ಎರಡೂ ಕೈ ಎತ್ತಿ ಅಡ್ಡ ಮಾಡಿದರೆ ಎಲ್ಲ ಬಂದ್, ಜನರ ಮೇಲಿನ ಲೈಟ್ ಆನ್. ಬೆಹ್ರಿಂಜರ್ ಎಕ್ಸ್32ನಂಥ ಡಿಜಿಟಲ್ ಮಿಕ್ಸರಲ್ಲಿ 6 ಮ್ಯೂಟ್ ಗ್ರೂಪ್ (ಒಂದೇ ಗುಂಡಿಗೆ ಹಲವು ಮೈಕ್ ಬಂದ್) ಇವೆ. ಒಂದನೇದು ಹಾಡುಗಾರರಿಗೆ, ಎರಡನೇದು ಕಾರ್ಡ್‌ಲೆಸ್‌ಗಳಿಗೆ ಅಂತ ಮೀಸಲಿಟ್ಟರೆ ಒಂದೇ ಬೆರಳಿನ ಕೆಲಸ.

ಮಿಕ್ಸರ್ ಮೂಲೆ

ತಂಡ ಬಿಟ್ಟವರ ವಿಷಯದಲ್ಲಿ ಸೌಂಡ್ ಕಡೆ ಇನ್ನೂ ಎರಡು ಮುಖ್ಯ ಸಂಗತಿ ಇದೆ.

ವೈಫೈ ರೂಟರ್ ಪಾಸ್‌ವರ್ಡ್ ಬದಲಿಸಿ. ಎಕ್ಸ್32ಗೆ ಆ್ಯಪ್ ಮೂಲಕ ಸೇರಲು ಪ್ರತ್ಯೇಕ ಪಾಸ್‌ವರ್ಡ್ ಕೇಳೋದಿಲ್ಲ. ರೂಟರಿಗೆ ಸೇರಿದವರೆಲ್ಲ ಫೇಡರ್ (ಧ್ವನಿ ಏರಿಳಿಸೋ ಸ್ಲೈಡರ್) ಎಳೆಯಬಹುದು. ತಂಡದಲ್ಲಿದ್ದಾಗ ತಮ್ಮ ಮಾನಿಟರ್ ಹೊಂದಿಸಿಕೊಳ್ಳೋಕೆ ಆ್ಯಪ್ ಹಾಕಿಕೊಂಡಿದ್ದವರ ಫೋನು ಮೈದಾನಕ್ಕೆ ಬಂದ ಕೂಡಲೇ ತಾನಾಗಿ ಸೇರಿಕೊಳ್ಳುತ್ತೆ. ಬೇಕಂತಲೇ ಮಾಡಬೇಕಿಲ್ಲ, ಆ್ಯಪ್ ತೆರೆದಿದ್ದ ಫೋನಿನ ಮೇಲೆ ಬೆರಳು ತಾಗಿದರೂ ಕೀಬೋರ್ಡಿನ ಚಾನೆಲ್ ಇಳಿದು ಹೋಗಬಹುದು.

ಕಾರ್ಡ್‌ಲೆಸ್ ಮೈಕಿನ ಫ್ರೀಕ್ವೆನ್ಸಿಯನ್ನೂ ಬದಲಿಸಿ. ಜೋಡಿಯಲ್ಲಿ ತಗೊಂಡ ಮೈಕಲ್ಲಿ ಒಂದು ಅವರ ಬಳಿ ಉಳಿದಿದ್ದರೆ, ಅದನ್ನ ಆನ್ ಮಾಡಿದರೆ ನಮ್ಮ ರಿಸೀವರಿಗೇ ಬರುತ್ತೆ. ಎಫ್‌ಎಂ ರಿಸೀವರ್ ಎರಡರಲ್ಲಿ ಬಲವಾದ ಸಿಗ್ನಲನ್ನ ಹಿಡಿಯುತ್ತೆ. ಮುಂದಿನ ಸಾಲಿನಲ್ಲಿದ್ದವರ ಮೈಕ್ ರಿಸೀವರಿಗೆ ಹತ್ತಿರವಾದರೆ ವೇದಿಕೆಯ ಗಾಯಕರ ದನಿ ಹೋಗಿ ಅವರ ದನಿ ಬರುತ್ತೆ. ಫ್ರೀಕ್ವೆನ್ಸಿ ಬದಲಿಸೋಕೆ ಆಗದ ಅಗ್ಗದ ಸೆಟ್ ಆದರೆ ಆ ರಾತ್ರಿ ವೈರ್ ಮೈಕಲ್ಲೇ ಹಾಡಿ.

ಆಗುಂಬೆ ಘಾಟಿ

ಮೂಲೆಯಣ್ಣ ಹೇಳಿದ್ದು ಸರಿ. ಇದಕ್ಕೆ ನಮ್ಮ ಕಡೆ ಮಳೆಯನ್ನೂ ಸೇರಿಸಿಕೊಳ್ಳಿ ಮಾರಾಯ್ರೆ. ಗಣಪತಿ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ ಕಡೆ ಮಳೆ ಪೂರ್ತಿ ಬಿಟ್ಟಿರೋದಿಲ್ಲ. ಹನಿ ಬಿದ್ದ ಕೂಡಲೇ ಮೈದಾನದ ಹಿಂದೆ ನಿಂತವರೆಲ್ಲ ಶಾಮಿಯಾನದೊಳಕ್ಕೆ ನುಗ್ಗುತ್ತಾರೆ. ದೂರ ನಿಂತು ಕೂಗುತ್ತಿದ್ದವರು ವೇದಿಕೆಗೆ ಒತ್ತಿಕೊಂಡು ನಿಲ್ತಾರೆ. ಹಾಗಾಗಿ ವೇದಿಕೆ ಮುಂದೆ 6–8 ಅಡಿ ಬಿಟ್ಟು ಬಿದಿರಿನದ್ದೋ ಅಡಿಕೆ ದಬ್ಬೆಯದ್ದೋ ತಡೆ ಕಟ್ಟಿಸಲೇಬೇಕು. ಗೂಟ ಸಡಿಲವಾಗದ ಹಾಗೆ ಆಳಕ್ಕೆ ಹೂಳಿಸಿ. ನೆನೆದ ಮಣ್ಣಲ್ಲಿ ಒಂದಡಿ ಗೂಟ ಒಂದು ನೂಕಿಗೆ ಕಿತ್ತು ಬರುತ್ತೆ.

ವೇದಿಕೆಗೆ ಮೆಟ್ಟಿಲು ಒಂದೇ ಕಡೆ ಇರಲಿ. ಅದೂ ಮಿಕ್ಸರ್ ಕೂತ ಜಾಗದಿಂದ ಕಾಣೋ ಹಾಗೆ. ಕರೆಂಟಿನ ಬೋರ್ಡ್, ಜನರೇಟರ್ ಬದಲಾಯಿಸೋ ಸ್ವಿಚ್ ಜನರ ಕೈಗೆ ಸಿಗೋ ಕಡೆ ಬೇಡ. ಸಿಟ್ಟಿನವರು ಮೊದಲು ಕೈ ಹಾಕೋದು ಪ್ಲಗ್ಗಿಗೆ. ಮಿಕ್ಸರ್, ರೂಟರ್, ಕೀಬೋರ್ಡ್ ಮೂರನ್ನೂ ಒಂದು 600 ವಿಎ ಯುಪಿಎಸ್‌ಗೆ ಕೊಡಿ. ಎಕ್ಸ್32 ತಿನ್ನೋದು 120 ವ್ಯಾಟ್ ಅಷ್ಟೇ, ಜನರೇಟರ್ ಹತ್ತೋ ತನಕ ತಡೆಯುತ್ತೆ. ಇಲ್ಲದಿದ್ದರೆ ಮಿಕ್ಸರ್, ಕೀಬೋರ್ಡ್ ಎರಡೂ ಮತ್ತೆ ಶುರುವಾಗೋವರೆಗೆ ಕಾಯಬೇಕು. ಅಷ್ಟು ಹೊತ್ತು ಆ ಮೈದಾನ ಕೂಗೋರ ಕೈಗೆ.

ಒದ್ದೆ ವೇದಿಕೆಗೆ ಅರ್ಥಿಂಗ್ ನೋಡಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯೋ ಸ್ವಿಚ್) ಇಲ್ಲದ ಬೋರ್ಡಿನಿಂದ ಲೈನ್ ತಗೋಬೇಡಿ. ಗಲಾಟೆಯಲ್ಲಿ ತಳ್ಳಾಟ ಆಗಿ ಯಾರಾದರೂ ಒದ್ದೆ ಕೈಯಲ್ಲಿ ಸ್ಟ್ಯಾಂಡ್ ಹಿಡಿದರೆ ಜೀವದ ಪ್ರಶ್ನೆ.

ಸಾಗರದ ನಿರೂಪಕಿ

ಕೂಗೋರೆಲ್ಲ ಒಂದೇ ಥರ ಅಲ್ಲ, ಆದ್ದರಿಂದ ಮದ್ದೂ ಒಂದೇ ಅಲ್ಲ.

ಹೆಚ್ಚಿನವರು ತಮಗೆ ಬೇಕಾದ ಹಾಡಿಗಾಗಿ ಕೂಗ್ತಾರೆ. "ಅಣ್ಣಾವ್ರ ಹಾಡು", "ಶಂಕರ್‌ನಾಗ್ ಹಾಡು", "ಜಾನಪದ ಹೊಡೀರಿ". ಇವರನ್ನ ವಿರೋಧಿಗಳ ಥರ ನೋಡಿದರೆ ವಿರೋಧಿಗಳೇ ಆಗ್ತಾರೆ. 3 ಗಂಟೆ ಕಾರ್ಯಕ್ರಮದಲ್ಲಿ ಸನ್ಮಾನ, ಭಾಷಣ ಕಳೆದು 25–28 ಹಾಡು ಹಿಡಿಸುತ್ತೆ. ಅದರಲ್ಲಿ 5 ಹಾಡಿನ ಜಾಗ ಖಾಲಿ ಬಿಟ್ಟಿರಿ. ಚೀಟಿ ನೇರ ವೇದಿಕೆಗೆ ಬರಬಾರದು, ಕಮಿಟಿಯ ಒಬ್ಬರು ಒಟ್ಟುಮಾಡಿ ಅರ್ಧ ಗಂಟೆಗೊಮ್ಮೆ ಕೊಡಲಿ. "ನಿಮ್ಮ ಹಾಡು ಇನ್ನೆರಡು ಹಾಡಾದ ಮೇಲೆ" ಅಂದರೆ ಎರಡಾದ ಮೇಲೆ ಬರಲೇಬೇಕು. ಗೊತ್ತಿಲ್ಲದ ಹಾಡಾದರೆ "ಇದು ನಮ್ಮ ತಯಾರಿಯಲ್ಲಿಲ್ಲ, ಅವರದೇ ಇನ್ನೊಂದು ಹಾಡ್ತೀವಿ" ಅಂತ ನೇರ ಹೇಳಿ. ಸುಳ್ಳು ಭರವಸೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಅದೇ ಮನುಷ್ಯ ಇಮ್ಮಡಿ ಜೋರಲ್ಲಿ ಕೂಗ್ತಾನೆ.

ನಟರ ಅಭಿಮಾನಿಗಳ ಎರಡು ಗುಂಪು ಜೈಕಾರದಲ್ಲಿ ಪೈಪೋಟಿಗೆ ಬಿದ್ದಾಗ ಒಬ್ಬರ ಹಾಡು ಹಾಡಿ ನಿಲ್ಲಿಸಿದರೆ ಕೆಟ್ಟಿತು. ಇಬ್ಬರದನ್ನೂ ನಡುವೆ ಮಾತಿಲ್ಲದೆ ಬೆನ್ನಿಗೆ ಬೆನ್ನು ಹಾಡಿ, ಮೂರನೆಯದಾಗಿ ಪುನೀತ್ ಹಾಡೊಂದನ್ನ ಎತ್ತಿಕೊಳ್ಳಿ. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡ ನಂತರ ಅಪ್ಪು ಹಾಡಿಗೆ ಯಾವ ಗುಂಪೂ ಎದುರು ನಿಲ್ಲೋದಿಲ್ಲ. ಮೊಬೈಲ್ ಲೈಟ್ ಹಿಡಿದು ಎರಡೂ ಕಡೆಯವರು ದನಿಗೂಡಿಸ್ತಾರೆ.

ಕುಡಿದವರನ್ನ ಎರಡು ಸಲ ಕೇಳಿಸಿಕೊಳ್ಳದೇ ಬಿಡಿ. ಮೂರನೇ ಸಲಕ್ಕೆ ಮೈಕ್ ಬೇಡ, ಅವರ ಜೊತೆ ಬಂದವರ ಕಿವಿಗೆ ಕಮಿಟಿಯವರು ಹೇಳಲಿ. ಆ ಗೆಳೆಯನ ಮಾತಿಗೆ ಎದ್ದು ಹೋಗ್ತಾರೆ, ಅಪರಿಚಿತರು ಕೈ ಹಿಡಿದರೆ ಹೊಡೆದಾಟ.

ಮೈಕಲ್ಲಿ ಯಾವತ್ತೂ ಬರಬಾರದ ಮಾತುಗಳು: "ತಾಕತ್ತಿದ್ರೆ ಮೇಲೆ ಬನ್ನಿ", ಯಾರದೇ ಹೆಸರು, ಕೇರಿ, ಜಾತಿ, ಪಕ್ಷ, ಕೂಗಿದವರ ಬಟ್ಟೆ ಬಣ್ಣ. "ಹಸಿರು ಅಂಗಿಯವರೇ" ಅಂದರೆ ಮೈದಾನವೆಲ್ಲ ತಿರುಗಿ ಅವರನ್ನ ನೋಡುತ್ತೆ, ಆಮೇಲೆ ಅವರಿಗೆ ಹಿಂದೆ ಸರಿಯೋ ದಾರಿ ಇರೋದಿಲ್ಲ.

ಕೊಡಚಾದ್ರಿ ಕೊರಳು

ನಿರೂಪಕಿ ಅಕ್ಕ, ಹಾಡೋ ಹೆಣ್ಣುಮಕ್ಕಳ ಬಗ್ಗೆ ಬೇರೆಯಾಗೇ ಹೇಳಬೇಕು. ಅದನ್ನ ಕೂಗಾಟದ ಪಟ್ಟಿಗೆ ಸೇರಿಸಿ ಸಹಿಸಿಕೊಳ್ಳಿ ಅನ್ನೋ ರೂಢಿ ನಿಲ್ಲಬೇಕು.

ನೋಟು ಹಿಡಿದು ವೇದಿಕೆ ಹತ್ತೋದು, ಹಾರ ಹಾಕ್ತೀನಿ ಅಂತ ಬರೋದು, ಸೆಲ್ಫಿ ಅನ್ನೋದು, ಮೂರೂ ಬಂದ್ ಅಂತ ಕಮಿಟಿ ಜೊತೆಗಿನ ಪತ್ರದಲ್ಲೇ ಬರೆಸಿ. ಬಹುಮಾನ ಕೊಡೋರು ಕಮಿಟಿಗೆ ಕೊಡಲಿ, ನಿರೂಪಕರು ಹೆಸರು ಓದಲಿ. ಅಸಹ್ಯ ಮಾತು ಬಂದರೆ ಗಾಯಕಿಯೇ ನಿಭಾಯಿಸಲಿ ಅಂತ ಬಿಡಬಾರದು. ಅವರ ಒಂದು ಸಂಜ್ಞೆಗೆ ಇಡೀ ತಂಡ ನಿಲ್ಲಿಸಬೇಕು. ಹಾಡಿನ ನಡುವೆಯಾದರೂ ಸರಿ. ಜನರ ಮೇಲೆ ಹ್ಯಾಲೋಜನ್ ಹಾಕಿಸಿ. ಕತ್ತಲಲ್ಲಿ ಮುಖ ಕಾಣೋದಿಲ್ಲ ಅನ್ನೋ ಧೈರ್ಯಕ್ಕೇ ಅಂಥ ಮಾತು ಬರೋದು. ಆ ಲೈಟಿಗೆ ವೇದಿಕೆ ಬಳಿ ಬೇರೆ ಸ್ವಿಚ್ ಇರಲಿ.

ಭಾರತೀಯ ನ್ಯಾಯ ಸಂಹಿತೆ 79ನೇ ಕಲಮಿನಲ್ಲಿ ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು, ಸನ್ನೆಗೆ 3 ವರ್ಷದವರೆಗೆ ಸಜೆ, ಜೊತೆಗೆ ದಂಡ ಇದೆ. 112ಕ್ಕೆ ಕರೆ ಮಾಡೋಕೆ ಕಮಿಟಿಯ ಒಪ್ಪಿಗೆ ಕೇಳಬೇಕಿಲ್ಲ.

ಪೆಂಡಾಲ್ ಕಮಿಟಿ

ಕಮಿಟಿ ಕಡೆಯಿಂದ. ತಂಡದವರು ಕೇಳಬೇಕಾದ ಮೊದಲ ಕಾಗದ ಧ್ವನಿವರ್ಧಕದ ಪೊಲೀಸ್ ಅನುಮತಿ. ಅದರ ಜೆರಾಕ್ಸ್ ಒಂದು ಮಿಕ್ಸರ್ ಪಕ್ಕ ಇರಲಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬ, ಉತ್ಸವಕ್ಕೆ ರಾಜ್ಯ ಸರ್ಕಾರ 12ರ ತನಕ ವಿನಾಯಿತಿ ಕೊಡಬಹುದು, ಅದೂ ವರ್ಷಕ್ಕೆ ಒಟ್ಟು 15 ದಿನ ಮೀರದ ಹಾಗೆ. ಕುವೆಂಪು ರಂಗಮಂದಿರದಂಥ ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ ಲೆಕ್ಕ ಬೇರೆ.

ಇದು ಇಲ್ಲಿ ಯಾಕೆ ಬಂತು ಅಂದರೆ, ಸಿಟ್ಟಿರೋ ಹಳೇ ಜೊತೆಗಾರರು ಕೂಗಬೇಕು ಅಂತಲೇ ಇಲ್ಲ. 10 ಗಂಟೆ 5 ನಿಮಿಷಕ್ಕೆ ಒಂದು ಫೋನ್ ಮಾಡಿದರೆ ಸಾಕು. ಶಿವಮೊಗ್ಗ ನಗರದಲ್ಲಿ ವಿಸರ್ಜನೆ ದಿನಗಳ ಬಂದೋಬಸ್ತ್ ಎಷ್ಟು ಬಿಗಿ ಅಂತ ಎಲ್ಲರಿಗೂ ಗೊತ್ತು, ಅಂಥ ಕಡೆ ಮಾತುಕತೆಗೆ ಅವಕಾಶವೇ ಇರೋದಿಲ್ಲ. ಕೊನೆಯ ಹಾಡು 9:50ಕ್ಕೆ ಮುಗಿಯೋ ಹಾಗೆ ಪಟ್ಟಿ ಹಾಕಿ. ಉದ್ಘಾಟನೆ ತಡವಾದರೆ ಯಾವ ನಾಲ್ಕು ಹಾಡು ಬಿಡೋದು ಅಂತ ಮೊದಲೇ ಗುರುತು ಹಾಕಿಡಿ.

ದುಡ್ಡಿನ ವಿಷಯ. ಬಾಕಿ ಹಣ ಕಾರ್ಯಕ್ರಮ ಶುರುವಾಗೋ ಮುಂಚೆಯೇ ಕೈಸೇರಲಿ, ಯಾರ ಕೈಗೆ ಅಂತ ಕರಾರಲ್ಲಿ ಒಬ್ಬರ ಹೆಸರಿರಲಿ. ಹಳೆಯವರು ಬಂದು "ನನ್ನ ಪಾಲು ನನಗೇ ಕೊಡಿ" ಅಂತ ಖಜಾಂಚಿ ಹತ್ತಿರ ನಿಂತರೆ ನಾವು ಗೊಂದಲಕ್ಕೆ ಬಿದ್ದು ಇಬ್ಬರಿಗೂ ಕೊಡದೆ ಇಟ್ಟುಕೊಳ್ತೀವಿ. ಕಮಿಟಿಗೆ ಅದು ಸುಲಭದ ದಾರಿ, ತಂಡಕ್ಕೆ ನಷ್ಟ.

ಸಾಗರದ ಮಾರಿಕಾಂಬಾ ಜಾತ್ರೆಯಂಥ ಕಡೆ, ಮೂರು ವರ್ಷಕ್ಕೊಮ್ಮೆ ಸೇರೋ ಜನಸಾಗರದಲ್ಲಿ, ಕಮಿಟಿಯವರು ಪ್ರತಿ ಮೂಲೆಗೂ ಇರೋದಿಲ್ಲ. ಅಲ್ಲಿಗೆ ತಂಡದವರೇ ವೇದಿಕೆ ಕೆಳಗೆ ಇಬ್ಬರನ್ನ ಇಟ್ಟುಕೊಳ್ಳಬೇಕು.

ಕರಾರು ಪತ್ರ

ತಂಡ ಬಿಟ್ಟವರ ವಿಚಾರಕ್ಕೆ ಬರೋಣ. ಮುಂದಿನ ಸಾಲಿನ ಕೂಗಿಗೆ ಬಹುಪಾಲು ಕಾರಣ ತೀರದ ಲೆಕ್ಕ. ಅದನ್ನ ಸೀಸನ್ನಿಗೆ ಮುಂಚೆ ತೀರಿಸದೆ ವೇದಿಕೆಯಲ್ಲಿ ಯಾವ ಜಾಣತನ ಮಾಡಿದರೂ ಉಪಯೋಗವಿಲ್ಲ.

ಬಿಡುವವರು, ಉಳಿದವರು ಕೂತು ಒಂದು ಹಾಳೆ ಬರೆಯಿರಿ. ಯಾವ ಕಾರ್ಯಕ್ರಮದ ಎಷ್ಟು ಬಾಕಿ, ಯಾವ ತಾರೀಕಿಗೆ ಕೊಡೋದು. ಸಾಮಾನುಗಳು ಸೀರಿಯಲ್ ನಂಬರ್ ಸಮೇತ: ಮೈಕ್, ಡಿಐ ಬಾಕ್ಸ್ (ವಾದ್ಯವನ್ನ ಮಿಕ್ಸರಿಗೆ ಸೇರಿಸೋ ಪೆಟ್ಟಿಗೆ), ಸ್ಟ್ಯಾಂಡ್, ಕೇಬಲ್. ಎಲ್ಲರೂ ಸೇರಿ ಕೊಂಡದ್ದಾದರೆ ಈಗಿನ ಬೆಲೆ ಹಾಕಿ ಪಾಲು ಕೊಡಿ, ಕೊಂಡಾಗಿನ ಬೆಲೆ ಹಿಡಿದು ಜಗಳ ಬೇಡ. ಎರಡು ಸಾಕ್ಷಿ ಸಹಿ. ಹಣ ಬ್ಯಾಂಕ್ ಮೂಲಕ ಹೋಗಲಿ, ಕೈಯಲ್ಲಿ ಕೊಟ್ಟರೆ ರಸೀದಿ ಇರಲಿ.

ಜನ ಮರೆಯೋದು ಇವು: ಫೇಸ್‌ಬುಕ್ ಪುಟದ ಅಡ್ಮಿನ್, ಯೂಟ್ಯೂಬ್ ಚಾನೆಲ್ಲಿನ ಮಾಲೀಕತ್ವ, ಟ್ರ್ಯಾಕ್‌ಗಳಿರುವ ಗೂಗಲ್ ಡ್ರೈವ್, ವಾಟ್ಸ್ಆ್ಯಪ್ ಗುಂಪು. ಬ್ಯಾನರಿನಲ್ಲಿರೋ ಮೊಬೈಲ್ ನಂಬರ್ ಮತ್ತು ಕ್ಯೂಆರ್ ಕೋಡ್ ಇನ್ನೂ ಬಿಟ್ಟವರದೇ ಆಗಿದ್ದರೆ ಹೊಸ ಬುಕಿಂಗ್, ಮುಂಗಡ ಎಲ್ಲ ಅವರಿಗೇ ಹೋಗುತ್ತೆ. ಬ್ಯಾನರ್ ಬದಲಿಸೋ ಖರ್ಚಿಗೆ ಹಿಂಜರಿಯಬೇಡಿ.

ಲಾಭ ಹಂಚಿಕೊಂಡು ಒಟ್ಟಿಗೆ ನಡೆಸ್ತಿದ್ದ ತಂಡವಾದರೆ ಬರಹ ಇಲ್ಲದಿದ್ದರೂ ಅದು 1932ರ ಪಾಲುದಾರಿಕೆ ಕಾಯ್ದೆ ವ್ಯಾಪ್ತಿಗೆ ಬರಬಹುದು. 36ನೇ ಕಲಮಿನ ಪ್ರಕಾರ ಬಿಟ್ಟುಹೋದ ಪಾಲುದಾರ ಬೇರೆ ತಂಡ ಕಟ್ಟಬಹುದು, ಪ್ರಚಾರವನ್ನೂ ಮಾಡಬಹುದು. ಬೇರೆ ಕರಾರು ಇಲ್ಲದಿದ್ದರೆ ಹಳೇ ತಂಡದ ಹೆಸರು ಬಳಸುವಂತಿಲ್ಲ, ಹಳೇ ಗಿರಾಕಿಗಳನ್ನ ತಮ್ಮ ಕಡೆ ಸೆಳೆಯೋಕೆ ಹೋಗುವಂತಿಲ್ಲ. ಬಿಟ್ಟ ವಿಷಯವನ್ನ ಸಾರ್ವಜನಿಕ ಪ್ರಕಟಣೆ ಕೊಡೋ ತನಕ ಇಬ್ಬರ ಮೇಲೂ ಹೊಣೆ ಉಳಿಯುತ್ತೆ (32ನೇ ಕಲಮು). ಅವರು ನಿಮ್ಮ ತಂಡದ ಹೆಸರಲ್ಲಿ ಮುಂಗಡ ತಗೊಂಡರೆ ಕಮಿಟಿ ನಿಮ್ಮ ಬಾಗಿಲಿಗೂ ಬರಬಹುದು. ಒಬ್ಬರೇ ಮಾಲೀಕರಿದ್ದು ಉಳಿದವರಿಗೆ ಕಾರ್ಯಕ್ರಮಕ್ಕಿಷ್ಟು ಅಂತ ಸಂಭಾವನೆ ಕೊಡ್ತಿದ್ದರೆ ಇದು ಅನ್ವಯಿಸೋದಿಲ್ಲ.

ಹೆಸರನ್ನ ಟ್ರೇಡ್‌ಮಾರ್ಕ್ 41ನೇ ವರ್ಗದಲ್ಲಿ (ಮನರಂಜನೆ ಸೇವೆ) ನೋಂದಾಯಿಸಬಹುದು. ವ್ಯಕ್ತಿ ಅಥವಾ ಸಣ್ಣ ಉದ್ದಿಮೆ ಆನ್‌ಲೈನಲ್ಲಿ ಅರ್ಜಿ ಹಾಕಿದರೆ ಶುಲ್ಕ ₹4,500. ಹೆಸರಿನ ಜಗಳ ಶುರುವಾಗೋ ಮುಂಚೆ ಹಾಕಿದರೆ ಒಳ್ಳೇದು.

ತುಂಗಾ ತೀರ

ಸರ್, ಕಾಗದ ಎಲ್ಲ ಸರಿ. ಆದರೆ ಅವರು ಬಂದೇ ಬಿಟ್ಟರೆ? ನನ್ನ ಪ್ರಕಾರ ವೇದಿಕೆಗೆ ಕರೆದು ಒಂದು ಹಾಡು ಹಾಡಿಸಿ, ಶಾಲು ಹೊದಿಸಿದರೆ ಸಿಟ್ಟು ಇಳಿಯುತ್ತೆ. ಇಷ್ಟು ವರ್ಷ ಒಟ್ಟಿಗೆ ಉಂಡವರು.

ಮಿಕ್ಸರ್ ಮೂಲೆ

ತೀರದವರೇ, ಅಲ್ಲೇ ಎಡವಟ್ಟಾಗೋದು. ಕೂಗಿದ ಮೇಲೆ ಕರೆದರೆ ಕೂಗಿದ್ದಕ್ಕೇ ಮೈಕ್ ಸಿಕ್ಕಿತು ಅಂತಾಗುತ್ತೆ. ಮೈಕ್ ಕೈಗೆ ಬಂದ ಮೇಲೆ ಹಾಡಿಗೂ ಮುಂಚೆ "ಎರಡು ಮಾತು" ಶುರುವಾಗುತ್ತೆ, ಆಗ ಮ್ಯೂಟ್ ಮಾಡಿದರೆ ಅವಮಾನ, ಬಿಟ್ಟರೆ ತಂಡದ ಮಾನ ಹರಾಜು. ಕರೆಯೋದಾದರೆ ಎರಡು ದಿನ ಮೊದಲೇ ಕರೆಯಿರಿ. ಹಾಡು ಯಾವುದು, ಸ್ಕೇಲ್ ಯಾವುದು, ಎಷ್ಟನೇದು ಅನ್ನೋದು ಪಕ್ಕಾ ಆಗಿರಲಿ. ಪರಿಚಯದ ಮಾತೆಲ್ಲ ನಿರೂಪಕರದ್ದು. ವೈರ್ ಮೈಕ್ ಸ್ಟ್ಯಾಂಡಲ್ಲಿರಲಿ, ಆ ಚಾನೆಲ್ ಮೇಲೆ ನನ್ನಂಥವರ ಬೆರಳಿರುತ್ತೆ, ಇಂಟ್ರೋ ಮುಗಿದು ಪಲ್ಲವಿ ಬರುವಾಗ ತೆರೀತೀವಿ. ಹಾಡು ಮುಗಿದ ಕೂಡಲೇ ಮುಂದಿನ ಹಾಡಿನ ತಾಳ ಶುರು.

ಸಾಗರದ ನಿರೂಪಕಿ

ಮೊದಲೇ ಮಾತಾಡಿದ್ದರೆ ತೀರದವರ ಮಾತಿಗೆ ನನ್ನದೂ ಒಪ್ಪಿಗೆ ಇದೆ. ಮಾತಾಡದೆ ಬಂದವರಿಗೆ ಹೀಗೆ ಮಾಡಿ: ವೇದಿಕೆ ಮೇಲಿಲ್ಲದ, ಜಗಳದಲ್ಲಿ ಭಾಗಿಯಾಗದ ಒಬ್ಬರು ಅವರು ಬಂದ ಕೂಡಲೇ ಎದುರು ಹೋಗಿ ಮಾತಾಡಿಸಬೇಕು. ಚಹಾ ಕೊಟ್ಟು, ಪಕ್ಕದ ಸಾಲಲ್ಲಿ ಕೂರಿಸಿ, "ಲೆಕ್ಕದ ಮಾತು ನಾಡಿದ್ದು ಭಾನುವಾರ 11 ಗಂಟೆಗೆ, ಇಂಥ ಕಡೆ" ಅಂತ ದಿನ, ಜಾಗ ಹೇಳಬೇಕು. "ಆಮೇಲೆ ನೋಡೋಣ" ಅನ್ನೋ ಮಾತಿಗೆ ಅವರಿಗೆ ನಂಬಿಕೆ ಹೋಗಿ ತುಂಬ ದಿನವಾಗಿರುತ್ತೆ. ಅವರು ಹೇಳೋ ಬಾಕಿ ನಿಜವೇ ಆಗಿದ್ದರೆ ಆ ಭಾನುವಾರ ಕೊಟ್ಟುಬಿಡಿ. ನ್ಯಾಯವಾಗಿ ಕೊಡಬೇಕಾದದ್ದನ್ನ ಇಟ್ಟುಕೊಂಡು ಅವರನ್ನ ಗಲಾಟೆಯವರು ಅನ್ನೋದು ಸರಿಯಲ್ಲ.

ಫೇಸ್‌ಬುಕ್ ಲೈವ್ ಹಾಕ್ತಿದ್ದರೆ ಫೋನ್ ಕಸಿಯೋಕೆ ಹೋಗಬೇಡಿ, ಕಸಿದದ್ದೇ ವಿಡಿಯೋ ಆಗುತ್ತೆ. ನಮ್ಮ ಕಡೆಯಿಂದಲೂ ಒಂದು ಕ್ಯಾಮೆರಾ ಇಡೀ ವೇದಿಕೆ ಕಾಣೋ ಹಾಗೆ ಮೊದಲಿಂದ ಕೊನೇ ತನಕ ಓಡ್ತಿರಲಿ.

ಹೊಸನಗರದ ರಿದಂ

ಎಲ್ಲರಿಗೂ ನಮಸ್ಕಾರ. ಇನ್ನೊಂದು ಉಳೀತು. ಬಿಟ್ಟವರು ಕಾರ್ಯಕ್ರಮದ ದಿನ ಮಧ್ಯಾಹ್ನ ಫೋನ್ ಮಾಡಿ ಉಳಿದವರಲ್ಲಿ ಒಬ್ಬರನ್ನ ಎಳೆದುಕೊಂಡು ಹೋದರೆ? ಪ್ಯಾಡಿನ ಪ್ಯಾಚ್, ಕೀಬೋರ್ಡಿನ ಸ್ಟೈಲ್ ಎಲ್ಲ ಅವರ ಜೊತೆಯೇ ಹೋಗುತ್ತಲ್ಲ?

ಕೀಲಿಮಣೆ

ಅದಕ್ಕೆ ಬ್ಯಾಕಪ್ ಒಂದೇ ದಾರಿ. ಸ್ಟೈಲ್‌ಗಳನ್ನ ಎರಡು ಪೆನ್‌ಡ್ರೈವಲ್ಲಿ ಇಡಿ, ಒಂದು ತಂಡದ ಪೆಟ್ಟಿಗೆಯಲ್ಲೇ ಇರಲಿ. ಯಮಹಾ ಸ್ಟೈಲ್ ಕೋರ್ಗ್ ಪಿಎ ಕೀಬೋರ್ಡಲ್ಲಿ ಹಾಗೇ ನಡೆಯೋದಿಲ್ಲ, ಬದಲಿ ಕಲಾವಿದರು ಯಾವ ಕೀಬೋರ್ಡ್ ತರ್ತಾರೆ ಅಂತ ಫೋನಲ್ಲೇ ಕೇಳಿ. ರೋಲ್ಯಾಂಡ್ ಎಸ್‌ಪಿಡಿ-20 ಪ್ಯಾಡಿಗೆ ಪೆನ್‌ಡ್ರೈವ್ ಹಾಕೋ ಜಾಗವೇ ಇಲ್ಲ. ಮಿಡಿ ಕೇಬಲಲ್ಲಿ ಲ್ಯಾಪ್‌ಟಾಪಿಗೆ ಬಲ್ಕ್ ಡಂಪ್ (ಒಳಗಿರೋದೆಲ್ಲದರ ಒಟ್ಟು ಪ್ರತಿ) ತೆಗೆದು ಇಡಬೇಕು. 99 ಪ್ಯಾಚೂ ಅದರಲ್ಲೇ ಬರುತ್ತೆ. ಬದಲಿ ಪ್ಯಾಡ್ ಬಂದಾಗ ಅದರಲ್ಲಿ ಮೊದಲಿದ್ದ ಪ್ಯಾಚ್‌ಗಳನ್ನ ಬೇರೆಯಾಗಿ ಉಳಿಸಿ ಆಮೇಲೆ ನಿಮ್ಮದು ತುಂಬಿ, ಇಲ್ಲದಿದ್ದರೆ ಅವರ ಕೆಲಸವೆಲ್ಲ ಅಳಿಸಿ ಹೋಗುತ್ತೆ.

ಪಟ್ಟಿಯ 28 ಹಾಡಲ್ಲಿ ಕಡೇಪಕ್ಷ 12ಕ್ಕೆ ಮೈನಸ್ ಟ್ರ್ಯಾಕ್ (ಹಾಡುಗಾರರ ದನಿ ಇಲ್ಲದ ಹಿಮ್ಮೇಳ) ಇರಲಿ, ಸ್ಕೇಲ್ ನಿಮ್ಮ ಗಾಯಕರಿಗೆ ಹೊಂದಿಸಿದ್ದೇ ಇರಲಿ. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ನೇರ ಮಿಕ್ಸರಿಗೆ ಎಳೆದರೆ ಚಾರ್ಜರಿನ ಗುಂಯ್ ಶಬ್ದ ಸೇರುತ್ತೆ, ಡಿಐ ಬಾಕ್ಸ್ ಮೂಲಕ ಕೊಟ್ಟು ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಬಿಟ್ಟುಹೋದವರು ನುಡಿಸಿದ, ಹಾಡಿದ ಟ್ರ್ಯಾಕ್ ಮಾತ್ರ ಹಾಕಬೇಡಿ. ಮುಂದಿನ ಸಾಲಲ್ಲಿ ಕೂತು ತಮ್ಮದೇ ದನಿ ಕೇಳಿಸಿಕೊಂಡರೆ ಅವರು ಕೂಗೋದಕ್ಕೆ ನ್ಯಾಯವಾದ ಕಾರಣ ಕೊಟ್ಟ ಹಾಗಾಗುತ್ತೆ.